ಕೋಡ್ ಬರೆದರಷ್ಟೇ ಸಾಕೇ?

ಸೇಜ್‌ಮ್ಯಾಥ್ ಹೆಸರು ಕೇಳಿದ್ದೀರಾ? ಮ್ಯಾಥಮ್ಯಾಟಿಕಾ, ಮ್ಯಾಟ್‌ಲ್ಯಾಬ್‌ಗಳಿಗೆ ದುಡ್ಡು ಹೊಂದಿಸಲಾಗದವರಿಗೂ ಅಂಥದ್ದೊಂದು ಉಚಿತವಾಗಿ ಸಿಗಲಿ ಎಂದು ವಿಲಿಯಂ ಸ್ಟೈನ್ 2005ರಲ್ಲಿ ಶುರು ಮಾಡಿದ ಗಣಿತದ ತಂತ್ರಾಂಶ. ಎಲ್ಲವನ್ನೂ ಹೊಸದಾಗಿ ಬರೆಯದೆ, ಆಗಲೇ ಇದ್ದ ತಂತ್ರಾಂಶಗಳನ್ನು ಪೈಥಾನ್ ಮೂಲಕ ಹೆಣೆದರು. ಪ್ಯಾರಿ ಇರುವುದು ಸಿ ಭಾಷೆಯಲ್ಲಿ, ಸಿಂಗ್ಯುಲರ್ ಸಿ ಪ್ಲಸ್ ಪ್ಲಸ್‌ನಲ್ಲಿ, ಮ್ಯಾಕ್ಸಿಮಾ ಲಿಸ್ಪ್‌ನಲ್ಲಿ. ಒಂದರ ಹೊಸ ಆವೃತ್ತಿ ಬಂದರೆ ಇನ್ನೊಂದು ಮುನಿಸಿಕೊಳ್ಳಬಹುದು. ಥೇಟ್ ಕೂಡು ಕುಟುಂಬ!

ಮೂಲ ಕೋಡ್‌ನಿಂದ ಬಿಲ್ಡ್ ಮಾಡಲು ಹಾಕಿದರೆ ನನ್ನ ಲ್ಯಾಪ್‌ಟಾಪ್‌ನ ಫ್ಯಾನ್ ಗಂಟೆಗಟ್ಟಲೆ ಕೂಗುತ್ತದೆ. ಲಿನಕ್ಸ್‌ನಲ್ಲಿ ಸಲೀಸಾಗಿ ಆದದ್ದು ಮ್ಯಾಕ್‌ನಲ್ಲಿ ಕೈಕೊಡಬಹುದು. ವಿಂಡೋಸ್‌ನವರು ಡಬ್ಲ್ಯುಎಸ್ಎಲ್ ಹಾಕಿಕೊಂಡು ಒಳಗೊಂದು ಲಿನಕ್ಸ್ ಕೂರಿಸಬೇಕು. ಪೈಥಾನ್ 2ರಿಂದ 3ಕ್ಕೆ ದಾಟಲು ವರ್ಷಗಳೇ ಹಿಡಿದವು. 3ನ್ನೇ ನೆಚ್ಚಿಕೊಂಡ 9.0 ಆವೃತ್ತಿ ಬಂದದ್ದು 2020ರ ಜನವರಿಯಲ್ಲಿ. ಈಗ ಕೊಂಡಾ ಮೂಲಕ ಸಿದ್ಧ ಪ್ಯಾಕೇಜ್ ಸಿಗುತ್ತದೆ ನಿಜ, ಆದರೆ ಅದನ್ನೂ ಯಾರೋ ಕುಳಿತು ಹೊಂದಿಸಿರುತ್ತಾರೆ.

ಬಿಇ ಲ್ಯಾಬ್‌ನಲ್ಲಿ ಇದರ ಸುದ್ದಿಯೇ ಇಲ್ಲ. ಎಲ್ಲವೂ ಇನ್‌ಸ್ಟಾಲ್ ಆಗಿರುವ ಕಂಪ್ಯೂಟರ್ ಮುಂದೆ ಕುಳಿತು, ಇಪ್ಪತ್ತು ಸಾಲು ಬರೆದು, ಔಟ್‌ಪುಟ್ ಅನ್ನು ರೆಕಾರ್ಡ್‌ಗೆ ಅಂಟಿಸಿದರೆ ಅಂಕ ಬಂತು. ಕೆಲಸಕ್ಕೆ ಸೇರಿದ ಮೇಲೆ ಎದುರಾಗುವುದು ಮಾತ್ರ 'ನನ್ನ ಸಿಸ್ಟಂನಲ್ಲಿ ಓಡುತ್ತೆ, ನಿಮ್ಮದರಲ್ಲಿ ಯಾಕೆ ಓಡಲ್ಲ' ಎಂಬ ಜಗಳವೇ.

ರೆಸ್ಯೂಮೆಗೆ ಆರನೇ ಸರ್ಟಿಫಿಕೇಟ್ ಸೇರಿಸುವ ಬದಲು ಇಂಥ ಮುಕ್ತ ತಂತ್ರಾಂಶದಲ್ಲಿ ಬಿಲ್ಡ್ ಕೆಟ್ಟಿರುವ ಒಂದು ಜಾಗ ಹುಡುಕಿ ಸರಿಪಡಿಸಿ ಕಳುಹಿಸಿ. ಒಪ್ಪಿಕೊಂಡರೆ ಹೆಸರು ದಾಖಲೆಯಲ್ಲಿ ಉಳಿಯುತ್ತದೆ, ಸಂದರ್ಶನದಲ್ಲಿ ಹೇಳಲು ಗಟ್ಟಿ ವಿಷಯವೂ ಇರುತ್ತದೆ. ಕಾಲೇಜುಗಳು ಇದನ್ನೇ ಮಿನಿ ಪ್ರಾಜೆಕ್ಟ್ ಎಂದು ಪರಿಗಣಿಸಬೇಕು. ವರ್ಷವೂ ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ ಎಷ್ಟು ಅಂತ ನೋಡುವುದು?