ಕಿತ್ತಳೆ ಊರಿನ ಕಾಗದ: ಕ್ಲಬ್ಬಿನ ಬಾಗಿಲಲ್ಲಿ ಕೆಂಪು ದೀಪ

ಮೆಣಸಿನಕಾಯಿ ಸುಗ್ಗಿ ಶುರುವಾಯಿತೆಂದರೆ ನಮ್ಮ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗೆಲ್ಲ ಘಾಟು ಹತ್ತುತ್ತದೆ. ಕಳಮನಾ ಮಾರುಕಟ್ಟೆ ಅಷ್ಟು ಹತ್ತಿರ. ಬ್ಯಾಡಗಿ ಕಡೆಯಿಂದ ಬಂದ ನನಗೆ ಇದೇನೂ ಹೊಸದಲ್ಲ. ಹೆಂಡತಿ ಮಾತ್ರ ಮೂರು ವರ್ಷವಾದರೂ ಸೀನುತ್ತಲೇ ಇದ್ದಾಳೆ. ಕೆಲಸ ಊರಿನ ಆ ತುದಿಯಲ್ಲಿ, ಮಿಹಾನ್‌ನಲ್ಲಿ. ಪ್ರಜಾಪತಿ ನಗರದಲ್ಲಿ ಮೆಟ್ರೋ ಹತ್ತಿ, ಸೀತಾಬರ್ಡಿಯಲ್ಲಿ ಇಳಿದು ಬೇರೆ ಗಾಡಿ ಹಿಡಿದು ಖಾಪ್ರಿಗೆ ಹೋಗಬೇಕು. ಬಾಡಿಗೆ ಕಡಿಮೆ ಎಂದು ಇಲ್ಲಿ ಮನೆ ಮಾಡಿದವನಿಗೆ ಆ ಪ್ರಯಾಣವೇ ದಂಡ. ಈ ಅಂಕಣದ ಮುಕ್ಕಾಲು ಭಾಗ ಬರೆಯುವುದೂ ಆ ಗಾಡಿಯಲ್ಲೇ.

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಮೆಣಸಿನಕಾಯಿ ಅಡತಿ ನಡೆಸುವ ಸೇಠ್‌ಜಿ ಒಬ್ಬರಿದ್ದಾರೆ. ಊರಿನ ಒಂದು ಹಳೆಯ ಕ್ಲಬ್ಬಿನ ಕಾರ್ಯಕಾರಿ ಸಮಿತಿಯಲ್ಲೂ ಇದ್ದಾರೆ. ಕ್ಲಬ್ಬಿನ ಹೆಸರು ಬೇಡ. ಹೋದ ವರ್ಷ ಲಿಫ್ಟಿನಲ್ಲಿ ಸಿಕ್ಕಾಗ, ‘ನೀವು ಕಂಪ್ಯೂಟರ್ ಮನುಷ್ಯ ಅಲ್ಲವೆ, ನಮ್ಮ ಕ್ಲಬ್ಬಿಗೆ ಹೊಸ ಸಾಫ್ಟ್‌ವೇರ್ ತರುತ್ತಿದ್ದೇವೆ, ಸ್ವಲ್ಪ ನೋಡಿಕೊಡಿ’ ಎಂದರು. ದುಡ್ಡಿಲ್ಲ, ಬದಲಿಗೆ ಮಗಳಿಗೆ ಈಜುಕೊಳ. ನಾಗಪುರದ ಮೇ ತಿಂಗಳು ಕಂಡವರಿಗೆ ಆ ಒಪ್ಪಂದ ಎಷ್ಟು ಲಾಭದ್ದೆಂದು ವಿವರಿಸಬೇಕಿಲ್ಲ. ಒಪ್ಪಿಕೊಂಡೆ.

ಕ್ಲಬ್ಬುಗಳ ಲೆಕ್ಕ ಬಹಳ ಕಾಲ ಚೀಟಿಯ ಮೇಲೆ ನಡೆದದ್ದು. ಸದಸ್ಯ ಚಹಾ ಕುಡಿದು ಚೀಟಿಗೆ ಸಹಿ ಹಾಕುತ್ತಾನೆ, ತಿಂಗಳ ಕೊನೆಗೆ ಬಿಲ್ಲು ಮನೆಗೆ ಬರುತ್ತದೆ. ಕೊಡದೆ ಹೋದವರೂ ಇದ್ದರು. ಬೆಂಗಳೂರು ಕ್ಲಬ್ಬಿನ 1899ರ ನಡಾವಳಿ ಪುಸ್ತಕದಲ್ಲಿ 13 ರೂಪಾಯಿ ಬಾಕಿ ಉಳಿಸಿಕೊಂಡ ಲೆಫ್ಟಿನೆಂಟ್ ಚರ್ಚಿಲ್ ಹೆಸರು ಇರುವುದು ಬೆಂಗಳೂರಿನವರಿಗೆಲ್ಲ ಗೊತ್ತು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಅದೇ ಚರ್ಚಿಲ್. ಇವತ್ತಿನ ಪ್ರೀಪೇಯ್ಡ್ ಕಾರ್ಡ್ ಆಗ ಇದ್ದಿದ್ದರೆ ಆ ಕಥೆಯೇ ಹುಟ್ಟುತ್ತಿರಲಿಲ್ಲ. ಬಾಕಿ ಶೂನ್ಯ ಎಂದು ಯಂತ್ರ ಕೀಚಲು ದನಿ ತೆಗೆಯುತ್ತಿತ್ತು, ವಿಸ್ಕಿ ಸಿಗುತ್ತಿರಲಿಲ್ಲ.

ಚೀಟಿಯ ನಂತರ ಕೂಪನ್ ಪುಸ್ತಕ, ಅದರ ನಂತರ ಕಾರ್ಡು, ಈಗ ಆ್ಯಪ್. ನಮ್ಮ ಕ್ಲಬ್ಬು ಇವನ್ನೆಲ್ಲ ಒಂದೇ ವರ್ಷದಲ್ಲಿ ಮುಗಿಸಲು ಹೊರಟಿತ್ತು. ನಾನು ಮೊದಲು ಕೈಹಾಕಿದ್ದು ಕಾರ್ಡಿಗೆ. ಹಳೆಯ ಕಾರ್ಡುಗಳಲ್ಲಿ ದುಡ್ಡಿನ ಲೆಕ್ಕ ಕಾರ್ಡಿನ ಚಿಪ್ಪಿನೊಳಗೇ ಇತ್ತು. ಆ ಜಾತಿಯ ಚಿಪ್ಪಿನ ಬೀಗವನ್ನು ನೆದರ್‌ಲೆಂಡ್ಸ್‌ನ ಸಂಶೋಧಕರು 2008ರಲ್ಲೇ ಮುರಿದು ತೋರಿಸಿದ್ದಾರೆ. ಅಂಥ ಕಾರ್ಡನ್ನು ಸ್ವಲ್ಪ ಚುರುಕಿನ ಕಾಲೇಜು ಹುಡುಗ ಕೂಡ ನಕಲು ಮಾಡಬಲ್ಲ. ಲೆಕ್ಕವೆಲ್ಲ ಸರ್ವರಿನಲ್ಲಿರಲಿ, ಕಾರ್ಡಿನಲ್ಲಿ ಗುರುತಿನ ಸಂಖ್ಯೆ ಮಾತ್ರ ಇರಲಿ, ಚಿಪ್ಪೂ ಹೊಸ ಜಾತಿಯದಿರಲಿ ಎಂದೆ. ಸಮಿತಿ ಒಪ್ಪಿತು. ಇಲ್ಲಿಯವರೆಗೆ ನನ್ನ ಹೆಮ್ಮೆಗೆ ಏನೂ ಕೊರತೆ ಇರಲಿಲ್ಲ.

ಬ್ಯಾಡ್ಮಿಂಟನ್ ಕೋರ್ಟಿನ ಬುಕಿಂಗ್ ಆ್ಯಪಿಗೆ ಹೋಯಿತು. ಮೊದಲು ಗೋಡೆಯ ಮೇಲೊಂದು ರಿಜಿಸ್ಟರ್ ತೂಗುತ್ತಿತ್ತು, ಮೊದಲು ಬಂದವರು ಹೆಸರು ಬರೆಯುತ್ತಿದ್ದರು. ಈಗ ರಾತ್ರಿ ಹನ್ನೆರಡಕ್ಕೆ ಮರುದಿನದ ಹೊತ್ತುಗಳು ತೆರೆದುಕೊಳ್ಳುತ್ತವೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೆಳಗಿನವೆಲ್ಲ ಖಾಲಿ. ಇಪ್ಪತ್ತು ವರ್ಷದಿಂದ ಆರು ಗಂಟೆಗೆ ಆಡುತ್ತಿದ್ದ ನಾಲ್ಕು ಜನ ಹಿರಿಯರು ಈಗ ಆಟ ಬಿಟ್ಟು ವಾಕಿಂಗ್ ಮಾಡುತ್ತಾರೆ. ಸೇಠ್‌ಜಿ ಅದನ್ನು ‘ಪಾರದರ್ಶಕತೆ’ ಎಂದರು. ಹೌದು, ಪಾರದರ್ಶಕವೇ. ಯಾರು ಹೊರಗೆ ಬಿದ್ದರೆಂಬುದೂ ಚೆನ್ನಾಗಿ ಕಾಣುತ್ತದೆ.

ಇನ್ನು ತೆರಿಗೆ. ಕ್ಲಬ್ಬಿನ ಸಾಫ್ಟ್‌ವೇರಿಗೆ ಯಾರು ಸದಸ್ಯ, ಯಾರು ಅತಿಥಿ ಎಂಬ ಹುಚ್ಚು ಇರುವುದಕ್ಕೆ ಅರ್ಧ ಕಾರಣ ಇದು. ಸದಸ್ಯರೇ ಸೇರಿ ಕಟ್ಟಿಕೊಂಡ ಕೂಟ ಸದಸ್ಯರಿಗೇ ಊಟ ಹಾಕಿದರೆ ಅದು ತನ್ನ ಕೈಯಿಂದ ತಾನೇ ತಿಂದ ಹಾಗೆ, ಅದರಲ್ಲಿ ಮಾರಾಟ ಎಲ್ಲಿದೆ ಎನ್ನುವ ಪರಸ್ಪರತೆಯ ತತ್ತ್ವವೊಂದಿದೆ. 2013ರಲ್ಲಿ ಬೆಂಗಳೂರು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿಗೆ ಈ ತತ್ತ್ವ ಅನ್ವಯಿಸದು ಎಂದಿತು. ಆ ಬ್ಯಾಂಕುಗಳೂ ಕ್ಲಬ್ಬಿನ ಸದಸ್ಯರೇ ಆಗಿದ್ದವು, ಆದರೂ ಸಲ್ಲಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಕಲ್ಕತ್ತಾ ಕ್ಲಬ್ಬಿನ ಪ್ರಕರಣದಲ್ಲಿ ಸದಸ್ಯರಿಗೆ ಬಡಿಸಿದ್ದಕ್ಕೆ ಮಾರಾಟ ತೆರಿಗೆ, ಸೇವಾ ತೆರಿಗೆ ಇಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. ಸರ್ಕಾರ 2021ರ ಹಣಕಾಸು ಕಾಯ್ದೆಯಲ್ಲಿ ಜಿಎಸ್‌ಟಿಗೆ ತಿದ್ದುಪಡಿ ತಂದು, ತೆರಿಗೆಯ ಮಟ್ಟಿಗೆ ಕ್ಲಬ್ಬೂ ಸದಸ್ಯನೂ ಬೇರೆ ಬೇರೆ ಎಂದಿತು. ಹೀಗಾಗಿ ಪ್ರತಿ ಚಹಾಕ್ಕೂ ಒಂದು ವರ್ಗ ಬೇಕು. ಆ ವರ್ಗಗಳ ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ಮಾಡಿಕೊಟ್ಟವನು ನಾನು: ಮುಖ್ಯ ಸದಸ್ಯ, ಅವಲಂಬಿತ, ಬೇರೆ ಊರಿನ ಕ್ಲಬ್ಬಿನಿಂದ ಬಂದವನು, ಅತಿಥಿ.

ಅದೇ ಹಾಳೆಯ ಕೆಳಗೆ ಒಂದು ನಿಯಮ ಬರೆದಿದ್ದೆ. ಮುಖ್ಯ ಸದಸ್ಯ ನಿಷ್ಕ್ರಿಯನಾದರೆ ಅವಲಂಬಿತರೆಲ್ಲ ನಿಷ್ಕ್ರಿಯ. ಒಂದೇ ಸಾಲು. ಬಾಕಿ ಉಳಿಸಿಕೊಂಡವನು ಹೆಂಡತಿಯ ಕಾರ್ಡಿನಲ್ಲಿ ಬಂದು ಕುಡಿಯುವುದನ್ನು ತಪ್ಪಿಸಬೇಕಿತ್ತು. ಬರೆಯುವಾಗ ತಲೆಯಲ್ಲಿದ್ದದ್ದು ಅದೊಂದೇ.

ಆ ಕ್ಲಬ್ಬಿಗೆ ನಮ್ಮ ಕಡೆಯ ಕಾಕು ಒಬ್ಬರು ಬರುತ್ತಾರೆ. ಧಾರವಾಡದವರು. ಕಾಕಾ ರೈಲ್ವೆಯಲ್ಲಿದ್ದರು, ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ನಾಗಪುರದಲ್ಲೇ ನಿಂತರು. ಕ್ಲಬ್ಬಿನ ಲೈಬ್ರರಿಯಲ್ಲಿ ಒಂದು ಕಪಾಟು ಕನ್ನಡ ಪುಸ್ತಕಗಳಿದ್ದರೆ ಅದು ಕಾಕಾ ಹಟ ಹಿಡಿದು ಇಡಿಸಿದ್ದು. ಓದುವವರು ಅವರಿಬ್ಬರೇ, ಈಗ ನಾನು ಮೂರನೆಯವನು. ನನಗೆ ನಾಗಪುರದಲ್ಲಿ ಮೊದಲ ಸಲ ಜೋಳದ ರೊಟ್ಟಿ, ಎಣ್ಣೆಗಾಯಿ ಸಿಕ್ಕಿದ್ದು ಅವರ ಮನೆಯಲ್ಲಿ. ಕಾಕಾ ಹೋದ ದೀಪಾವಳಿಗೆ ಹತ್ತು ದಿನ ಮುಂಚೆ ತೀರಿಕೊಂಡರು.

ಕಾರ್ಯಗಳೆಲ್ಲ ಮುಗಿದು, ಮಗ ಪುಣೆಗೆ ವಾಪಸಾದ ಮೇಲೆ, ಒಂದು ಮಂಗಳವಾರ ಸಂಜೆ ಕಾಕು ಒಬ್ಬರೇ ಕ್ಲಬ್ಬಿಗೆ ಹೋದರು. ಮಂಗಳವಾರ ಹೆಂಗಸರ ರಮ್ಮಿ. ಗೇಟಿನಲ್ಲಿ ಕಾರ್ಡು ತೋರಿಸಿದರೆ ಕೆಂಪು ದೀಪ. ಮತ್ತೆ ತೋರಿಸಿದರೂ ಕೆಂಪು. ಕಾವಲಿನವನು ಏಜೆನ್ಸಿಯ ಹೊಸ ಹುಡುಗ. ಹಳೆಯ ಕಾವಲುಗಾರ ಇದ್ದಿದ್ದರೆ ಯಂತ್ರದ ಕಡೆ ನೋಡುತ್ತಲೂ ಇರಲಿಲ್ಲ. ಯಾವ ಬಾಯಿ ಯಾವ ವಾರ ಬರುತ್ತಾರೆ, ಯಾರಿಗೆ ಮೆಟ್ಟಿಲಿಗೆ ಕೈ ಕೊಡಬೇಕು ಎಂಬುದೆಲ್ಲ ಅವನ ತಲೆಯಲ್ಲಿತ್ತು. ಅವನನ್ನು ಬಿಡಿಸಿದ್ದೂ ಯಂತ್ರದ ಖರ್ಚು ಸರಿತೂಗಿಸುವುದಕ್ಕೇ.

ರಾತ್ರಿ ಫೋನ್ ಬಂತು.

‘ಏನಪಾ, ನನ್ನ ಕಾರ್ಡ್ ತಗೋವಲ್ದು. ಕೆಂಪು ದೀಪ ಹತ್ತೇದ. ನೀ ಅದನ್ನ ಮಾಡಿದವನಲ್ಲ, ಅದಕ್ಕ ಕೇಳೀನಿ.’

‘ಒಳಗ ಹೋಗ್ಲಿಲ್ಲೇನ್ರಿ ಕಾಕು?’

‘ಹೋದೆ. ಪಾಟೀಲ ಬಾಯಿ ಬಂದು ತನ್ನ ಹೆಸರಿನಾಗ ಬರಿಸಿದ್ಲು. ಅತಿಥಿ ಅಂತ. ಇಷ್ಟು ವರ್ಷ ಆದಮ್ಯಾಲೆ ಅತಿಥಿ ಆದೆ ನೋಡು.’ ನಕ್ಕರು. ಆಮೇಲೆ ದನಿ ತಗ್ಗಿಸಿ, ‘ಇವರ ಫೋನಿಗೆ ಮೆಸೇಜ್ ಬಂದದ. ನಿಮ್ಮ ಖಾತೆ ಬಂದ್ ಆಗೇದ ಅಂತ. ಅವರಿಗೇ ಕಳಿಸ್ಯಾರ’ ಎಂದರು.

ಬೈದಿದ್ದರೆ ಸುಲಭವಿತ್ತು.

ಮರುದಿನ ಕ್ಲಬ್ಬಿನ ಕಚೇರಿಗೆ ಹೋಗಿ ನೋಡಿದೆ. ಗುಮಾಸ್ತ ಕಾಕಾ ಅವರ ಮರಣದ ದಿನಾಂಕ ತುಂಬಿದ್ದ. ಅದು ಅವನ ಕೆಲಸ, ತಪ್ಪಿಲ್ಲ. ಉಳಿದದ್ದನ್ನು ನನ್ನ ಒಂದು ಸಾಲು ಮಾಡಿತ್ತು. ಕ್ಲಬ್ಬಿನ ಉಪನಿಯಮದಲ್ಲಿ ಸದಸ್ಯ ತೀರಿಕೊಂಡರೆ ಸಂಗಾತಿ ಮುಂದುವರಿಯಬಹುದು ಎಂದು ಸ್ಪಷ್ಟವಾಗಿದೆ. ಅರ್ಜಿ ಕೊಡಬೇಕು, ಸಮಿತಿ ಒಪ್ಪಬೇಕು. ಸಮಿತಿ ಸೇರುವುದು ತಿಂಗಳಿಗೊಮ್ಮೆ. ಈ ನಡುವಿನ ದಿನಗಳಲ್ಲಿ ಆ ಹೆಂಗಸು ಯಾರು? ಇದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ಏಕೆಂದರೆ ಇಷ್ಟು ವರ್ಷ ಹೇಳುವ ಅಗತ್ಯ ಬಿದ್ದಿರಲಿಲ್ಲ. ಗೇಟಿನವನು ‘ಬನ್ನಿ ಬಾಯಿ’ ಎನ್ನುತ್ತಿದ್ದ, ಗುಮಾಸ್ತ ಬಿಲ್ಲನ್ನು ಹಳೆಯ ಹೆಸರಿಗೇ ಬರೆಯುತ್ತಿದ್ದ, ಅರ್ಜಿ ಬಂದಾಗ ಬರುತ್ತಿತ್ತು. ನಾವು ಸಾಫ್ಟ್‌ವೇರಿನವರು ಉಪನಿಯಮ ಓದಿ ಕೆಲಸ ಮಾಡುತ್ತೇವೆ. ಗೇಟಿನಲ್ಲಿ ಒಂದು ವಾರ ನಿಂತು ನೋಡುವುದಿಲ್ಲ. ನಾನಂತೂ ನಿಂತಿರಲಿಲ್ಲ.

ತಿದ್ದುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಿಷ್ಕ್ರಿಯ ಎಂಬ ಒಂದೇ ಪೆಟ್ಟಿಗೆಯನ್ನು ಒಡೆದು ಬಾಕಿ, ರಾಜೀನಾಮೆ, ಮರಣ ಎಂದು ಮೂರು ಮಾಡಿಸಿದೆ. ಮರಣವಾದರೆ ಸಂಗಾತಿಯ ಕಾರ್ಡು ಆರು ತಿಂಗಳು ಮೊದಲಿನಂತೆಯೇ ನಡೆಯುತ್ತದೆ, ಯಾರ ಒಪ್ಪಿಗೆಯೂ ಬೇಡ. ತೀರಿಕೊಂಡವರ ನಂಬರಿಗೆ ಯಾವ ಸಂದೇಶವೂ ಹೋಗಬಾರದು. ಬದಲಿಗೆ ಕಚೇರಿಯ ಒಬ್ಬರು ಮನೆಗೆ ಫೋನ್ ಮಾಡಬೇಕು. ಕಂಪನಿಯ ಹುಡುಗ, ‘ಸರ್, ಕೊನೆಯದು ಸಾಫ್ಟ್‌ವೇರಿನಲ್ಲಿ ಆಗೋದಿಲ್ಲ’ ಎಂದ. ಗುಮಾಸ್ತನ ಪರದೆಯ ಮೇಲೆ ನೆನಪಿನ ಚೀಟಿ ಮೂಡುವ ಹಾಗೆ ಮಾಡಪ್ಪಾ, ಅಷ್ಟು ಸಾಕು ಎಂದೆ. ಪಾಟೀಲ ಬಾಯಿಯ ಲೆಕ್ಕಕ್ಕೆ ಬಿದ್ದಿದ್ದ ಅತಿಥಿ ಶುಲ್ಕ, ಅದರ ಮೇಲಿನ ಜಿಎಸ್‌ಟಿ, ಎರಡನ್ನೂ ವಾಪಸು ಮಾಡಿಸಿದ್ದಾಯಿತು. ಜಿಎಸ್‌ಟಿ ವಾಪಸು ಮಾಡಿಸಲು ಹಿಡಿದ ಸಮಯ ಉಳಿದೆಲ್ಲಕ್ಕಿಂತ ಹೆಚ್ಚು!

ಇದು ದೊಡ್ಡವರ ಕ್ಲಬ್ಬಿನ ಕಥೆ, ನಮಗೇಕೆ ಎನ್ನಬೇಡಿ. ಹೊರನಾಡಿನ ನಮ್ಮ ಕನ್ನಡ ಸಂಘಗಳೂ ಸದಸ್ಯತ್ವದ ಮೇಲೆ ನಿಂತವೇ. ಮುಂಬಯಿಯ ಮೈಸೂರು ಅಸೋಸಿಯೇಶನ್ 1926ರಲ್ಲಿ ಹುಟ್ಟಿದ್ದು. ಅಷ್ಟು ಹಳೆಯ ಸಂಸ್ಥೆಗಳಲ್ಲಿ ಎಷ್ಟು ತಲೆಮಾರಿನ ಪಟ್ಟಿಗಳು ಇರಬೇಕು, ಯೋಚಿಸಿ. ಚಿಕ್ಕ ಸಂಘಗಳ ಪಟ್ಟಿ ಈಗ ಯಾರದೋ ಗೂಗಲ್ ಶೀಟಿನಲ್ಲಿದೆ. ಆಜೀವ ಸದಸ್ಯರೆಂದು ನೂರಾರು ಹೆಸರು, ಅದರಲ್ಲಿ ಎಷ್ಟು ಮಂದಿ ಇದ್ದಾರೆ, ಯಾರ ಫೋನ್ ಯಾರ ಕೈಯಲ್ಲಿದೆ? ಯುಗಾದಿ ಶುಭಾಶಯ ಮಾತ್ರ ಎಲ್ಲರಿಗೂ ಹೋಗುತ್ತಿರುತ್ತದೆ.

ಈಗ ಸಮಿತಿಯ ಮುಂದೆ ಹೊಸ ಪ್ರಸ್ತಾಪ ಬಂದಿದೆ. ಕಾರ್ಡೂ ಬೇಡ, ಮುಖ ಸಾಕು. ಗೇಟಿನಲ್ಲಿ ಕ್ಯಾಮೆರಾ, ಮುಖ ಗುರುತು ಹಿಡಿದರೆ ಬಾಗಿಲು ತಾನೇ ತೆರೆಯುತ್ತದೆ. ಮಾರಲು ಬಂದವನು ಭದ್ರತೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ. 2018ರಲ್ಲಿ ಬೆಂಗಳೂರಿನ ಬೌರಿಂಗ್ ಇನ್‌ಸ್ಟಿಟ್ಯೂಟಿನ ಲಾಕರುಗಳನ್ನು ಒಡೆದಾಗ ಕೋಟಿಗಟ್ಟಲೆ ನಗದು, ವಜ್ರ, ಆಸ್ತಿ ಪತ್ರ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಲಾಕರ್ ಪಡೆದಿದ್ದವರು ಹೊರಗಿನ ಕಳ್ಳರಲ್ಲ, ಕ್ಲಬ್ಬಿನ ಸದಸ್ಯರೇ. ಅಂಥದ್ದಕ್ಕೆ ನಿಮ್ಮ ಕ್ಯಾಮೆರಾ ಏನು ಮಾಡುತ್ತದೆ ಎಂದು ಕೇಳಿದೆ. ಅವನು ನೀರು ಕುಡಿದ.

ನನ್ನ ತಕರಾರು ಬೇರೆ. ಕಾರ್ಡು ಕಳೆದರೆ ಇನ್ನೊಂದು ಕೊಡಬಹುದು, ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಮುಖದ ಅಳತೆ ಸೋರಿದರೆ ಬದಲಿ ಮುಖ ಎಲ್ಲಿಂದ ತರುವುದು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಸ್ವತಂತ್ರವಾಗಿರಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲು ಸಾಧ್ಯವಿರಬೇಕು ಎನ್ನುತ್ತದೆ. ಸದಸ್ಯರು ಬೇಡವೆಂದರೆ ಸಮಿತಿ ಕೇಳೀತು, ಅವರ ಕೈಯಲ್ಲಿ ಮತವಿದೆ. ಆದರೆ ಇದೇ ಯಂತ್ರವನ್ನು ಬೇರರುಗಳು, ಅಡುಗೆಯವರು, ಮಾಲಿಗಳ ಹಾಜರಿಗೂ ಹಾಕುವ ಯೋಚನೆ ಇದೆ. ಅವರನ್ನು ಯಾರೂ ಕೇಳಿಲ್ಲ. ಸಂಬಳಕ್ಕೆ ಮುಖ ಕೊಡು ಎಂದರೆ ಅದು ಎಂಥ ಸ್ವತಂತ್ರ ಒಪ್ಪಿಗೆ? ಸೇಠ್‌ಜಿಗೆ ಇದನ್ನು ಹೇಳಿದಾಗ, ‘ಮಾರುಕಟ್ಟೆಯಲ್ಲೂ ಮೊದಲು ಎಲೆಕ್ಟ್ರಾನಿಕ್ ತೂಕಕ್ಕೆ ಜನ ಹೀಗೇ ಗದ್ದಲ ಮಾಡಿದರು, ಈಗ ಸುಮ್ಮನಾಗಿದ್ದಾರೆ’ ಎಂದರು. ತೂಕದ ಯಂತ್ರ ಚೀಲವನ್ನು ತೂಗುತ್ತದೆ ಸೇಠ್‌ಜಿ, ಹಮಾಲಿಯನ್ನಲ್ಲ ಎಂದೆ. ಅವರು ನಕ್ಕರು, ಒಪ್ಪಲಿಲ್ಲ.

ಕೊನೆಗೆ ಒಂದು ಪುಟದ ಟಿಪ್ಪಣಿ ಬರೆದುಕೊಟ್ಟಿದ್ದೇನೆ. ಕಾರ್ಡು ಯಾವಾಗಲೂ ಇರಬೇಕು, ಮುಖ ಬೇಕೆಂದವರಿಗೆ ಮಾತ್ರ. ನೌಕರರ ಹಾಜರಿಗೆ ಕಾರ್ಡೇ. ಸದಸ್ಯತ್ವ ಮುಗಿದ ಮೂವತ್ತು ದಿನಕ್ಕೆ ಮುಖದ ದಾಖಲೆ ಅಳಿಸಬೇಕು. ಸಂಜೆ ಐದರಿಂದ ಒಂಬತ್ತರವರೆಗೆ ಗೇಟಿನಲ್ಲಿ ಸದಸ್ಯರನ್ನು ಬಲ್ಲ ಮನುಷ್ಯನೊಬ್ಬ ಇರಬೇಕು, ಕೆಂಪು ದೀಪ ಹತ್ತಿದರೂ ಒಳಗೆ ಬಿಡುವ ಅಧಿಕಾರ ಅವನಿಗೆ ಇರಬೇಕು. ಹಳೆಯ ಕಾವಲುಗಾರ ಪಾರಡಿಯಲ್ಲೇ ಇದ್ದಾನೆ, ಕರೆದರೆ ಬರುತ್ತಾನೆ, ವಿಚಾರಿಸಿದ್ದೇನೆ. ಈ ಕೊನೆಯ ಸಾಲಿಗೆ ಖಜಾಂಚಿ ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಮತಕ್ಕೆ ಬರುವುದು ಈ ಭಾನುವಾರ. ನಾನು ಸದಸ್ಯನಲ್ಲ, ನನಗೆ ಮತವಿಲ್ಲ. ಕಾಕುಗೆ ಈಗ ಇದೆ.

ಅವರ ಹೊಸ ಕಾರ್ಡು ಹೋದ ವಾರ ಬಂತು. ಸ್ವಂತ ಹೆಸರು, ಮುಖ್ಯ ಸದಸ್ಯೆ. ಸಾಫ್ಟ್‌ವೇರ್ ಹೊಸ ಸಂಖ್ಯೆ ಕೊಡಲು ಹೊರಟಿತ್ತು. ಕಾಕಾ ಅವರ ಸಂಖ್ಯೆಯೇ ಇರಲಿ ಎಂದು ಕಾಕು ಅಂದರು. ಒಂದೇ ಸಂಖ್ಯೆ ಇಬ್ಬರಿಗೆ ಕೊಡಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಕೊಡಿಸಿದೆ.