‘ನೋಡಿ ಕೊಳ್ಳಬೇಕಿತ್ತು’ ಎನ್ನುವ ಮುನ್ನ

ಮಧ್ಯಮ ವರ್ಗದ ಕುಟುಂಬವೊಂದು ಕಾರು ಕೊಳ್ಳುವುದೆಂದರೆ ಅದು ಬರೇ ಖರೀದಿಯಲ್ಲ. ವರ್ಷಗಟ್ಟಲೆ ಕೂಡಿಟ್ಟ ಹಣ, ಗಲ್ಫಿನಲ್ಲಿರುವ ಮಗನ ಬೆವರಿನ ಉಳಿತಾಯ, ಕೆಲವೊಮ್ಮೆ ಮನೆಯಾಕೆಯ ಬಳೆ, ಇವೆಲ್ಲವೂ ಆ ನಾಲ್ಕು ಚಕ್ರಗಳಲ್ಲಿ ಸೇರಿಕೊಂಡಿರುತ್ತವೆ. ಹೊಸ ಕಾರು ಕೈಗೆಟಕದಾಗ ಹಳೆಯದರತ್ತ ಕಣ್ಣು ಹೊರಳುತ್ತದೆ. ‘ಒಬ್ಬರೇ ಮಾಲಕರು, ವೈದ್ಯರು ಓಡಿಸಿದ ಗಾಡಿ, ಮೀಟರ್ ನೋಡಿ, ನಲವತ್ತು ಸಾವಿರವೂ ದಾಟಿಲ್ಲ.’ ಈ ಮಾತು ಯಾವ ಊರಿನಲ್ಲಿ ಕೇಳಿಸುವುದಿಲ್ಲ ಹೇಳಿ? ಮೂರು ತಿಂಗಳಲ್ಲಿ ಕಾರು ಗ್ಯಾರೇಜ್ ಸೇರುತ್ತದೆ. ಆಗ ಬಂಧುಗಳು, ನೆರೆಯವರು ಏಕಕಂಠದಿಂದ ನೀಡುವ ತೀರ್ಪು ಒಂದೇ: ‘ನೋಡಿ ಕೊಳ್ಳಬೇಕಿತ್ತು.’

ಈ ತೀರ್ಪನ್ನು ನಾವು ಒಪ್ಪಲಾರೆವು. ಮೋಸ ಮಾಡಿದವನನ್ನು ಬಿಟ್ಟು ಮೋಸ ಹೋದವನನ್ನು ಕಟಕಟೆಯಲ್ಲಿ ನಿಲ್ಲಿಸುವ ತೀರ್ಪು ಇದು. ಅಷ್ಟಕ್ಕೂ ನೋಡುವುದಾದರೂ ಏನನ್ನು? ಇಂದಿನ ಡಿಜಿಟಲ್ ಮೀಟರನ್ನು ಚಿಕ್ಕದೊಂದು ಉಪಕರಣದಿಂದ ಕೆಲವೇ ನಿಮಿಷಗಳಲ್ಲಿ ಹಿಂದಕ್ಕೆ ಓಡಿಸಬಹುದು. 2015ರ ಚೆನ್ನೈ ಪ್ರವಾಹ, 2018ರ ಕೇರಳ ಪ್ರವಾಹ, 2022ರ ಬೆಂಗಳೂರಿನ ನೆರೆಯಲ್ಲಿ ಸಾವಿರಾರು ವಾಹನಗಳು ಮುಳುಗಿದವು. ದುರಸ್ತಿಗೆ ಯೋಗ್ಯವಲ್ಲವೆಂದು ವಿಮಾ ಕಂಪೆನಿ ಕೈಬಿಟ್ಟ ಕಾರನ್ನು ಹರಾಜಿನಲ್ಲಿ ಕೊಂಡು, ತೊಳೆದು, ಬಣ್ಣ ಬಳಿದು ನಿಲ್ಲಿಸಿದರೆ ಓರ್ವ ಶಿಕ್ಷಕನೋ ಅಂಗಡಿಯಾತನೋ ಅದನ್ನು ಗುರುತಿಸುವುದು ಹೇಗೆ?

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟು ಇದನ್ನು ವಿವರಿಸಿದ್ದರು. ಸರಕಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಿರುವಲ್ಲಿ ಕೊಳ್ಳುವವನು ಎಲ್ಲ ಕಾರುಗಳನ್ನೂ ಸಂಶಯದಿಂದ ಕಂಡು ಕಡಿಮೆ ಬೆಲೆ ಹೇಳುತ್ತಾನೆ. ಒಳ್ಳೆಯ ಕಾರಿನ ಮಾಲಕ ಆ ಬೆಲೆಗೆ ಮಾರಲೊಪ್ಪದೆ ಹಿಂದೆ ಸರಿಯುತ್ತಾನೆ. ಉಳಿಯುವುದು ಕೆಟ್ಟ ಕಾರುಗಳೇ. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಸಂದಿತು. ಅಂದರೆ, ಕುಟಿಲ ವ್ಯಾಪಾರಿ ಗ್ರಾಹಕನನ್ನು ಮಾತ್ರ ವಂಚಿಸುವುದಲ್ಲ, ಪ್ರಾಮಾಣಿಕ ವ್ಯಾಪಾರಿಯ ಅನ್ನಕ್ಕೂ ಮಣ್ಣು ಹಾಕುತ್ತಾನೆ.

ನಮ್ಮ ಕಾನೂನು ಏನು ಮಾಡಿದೆ? 2023ರ ಎಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಳೆಯ ವಾಹನಗಳ ವ್ಯಾಪಾರಿಯು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕು. ಮಾಲಕನು ವಾಹನ ಒಪ್ಪಿಸಿದ ಮಾಹಿತಿ ದಾಖಲಾದ ಬಳಿಕ ವ್ಯಾಪಾರಿಯೇ ಅದರ ಹೊಣೆಗಾರ. ಇದು ಸ್ವಾಗತಾರ್ಹ. ಆದರೆ ಈ ನಿಯಮಗಳ ಗಮನವೆಲ್ಲ ಕಾಗದಪತ್ರಗಳ ಮೇಲೆ, ಎಂಜಿನ್ನಿನ ಮೇಲಲ್ಲ. ಅಮೇರಿಕದಲ್ಲಿ ವ್ಯಾರಂಟಿ ಇದೆಯೋ ಇಲ್ಲವೋ ಎಂಬುದನ್ನು ಕಾರಿನ ಗಾಜಿಗೇ ಅಂಟಿಸಬೇಕೆಂಬ ನಿಯಮ 1985ರಿಂದಲೇ ಇದೆ. ಬ್ರಿಟನ್ನಿನ 2015ರ ಕಾನೂನಿನಂತೆ ವ್ಯಾಪಾರಿ ಮಾರಿದ ದೋಷಯುಕ್ತ ಕಾರನ್ನು 30 ದಿನಗಳೊಳಗೆ ಹಿಂದಿರುಗಿಸಬಹುದು. ಆ ಬಳಿಕವೂ, ಆರು ತಿಂಗಳೊಳಗೆ ಕಂಡ ದೋಷ ಮಾರುವಾಗ ಇರಲಿಲ್ಲವೆಂದು ಸಾಬೀತುಪಡಿಸಬೇಕಾದವನು ವ್ಯಾಪಾರಿಯೇ. ನಮ್ಮಲ್ಲಿ ಮಾತ್ರ ಈ ಭಾರ ಮೋಸಹೋದವನ ಹೆಗಲಿಗೇಕೆ?

ಹಾಗಂತ ನಾವು ನಿಸ್ಸಹಾಯಕರೇನಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 1915 ಸಂಖ್ಯೆಗೆ ಕರೆ ಮಾಡಿ ಸಲಹೆ ಪಡೆಯಬಹುದು. ಆದರೆ ಆಯೋಗದ ಮುಂದೆ ಬಾಯಿಮಾತು ನಿಲ್ಲುವುದು ಕಷ್ಟ. ‘ಅಪಘಾತವಾಗಿಲ್ಲ, ನೆರೆಯಲ್ಲಿ ಮುಳುಗಿಲ್ಲ, ಮೀಟರ್ ಬದಲಿಸಿಲ್ಲ’ ಎಂದು ಬಿಲ್ಲಿನ ಮೇಲೆ ಬರೆದು ಸಹಿ ಹಾಕಲು ಕೇಳಿರಿ. ಸರ್ವಿಸ್ ದಾಖಲೆಯ ಕಿಲೋಮೀಟರನ್ನು ಮೀಟರಿನೊಂದಿಗೆ ಹೋಲಿಸಿರಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ಪರೀಕ್ಷಿಸಿರಿ. ಬರೆದುಕೊಡಲು ಹಿಂಜರಿಯುವವನ ಬಳಿ ಕಾರು ಕೊಳ್ಳದಿರಿ.

ಕೊನೆಯದಾಗಿ ನಮ್ಮನ್ನೇ ಕೇಳಿಕೊಳ್ಳೋಣ. ನಮ್ಮದೇ ಹಳೆಯ ಕಾರನ್ನು ಮಾರುವಾಗ ಅದರ ದೋಷವನ್ನು ನಾವು ಹೇಳುತ್ತೇವೆಯೇ? ಹಣ ಎಣಿಸಿಕೊಂಡು, ಆರ್‌ಸಿ ಹೆಸರು ಬದಲಾಯಿತೇ ಎಂದು ವಿಚಾರಿಸದೆ ಮರೆತುಬಿಡುವವರೆಷ್ಟು ಮಂದಿ! ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಮ್ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ನಾವು ಮರೆತರೂ ಕಾನೂನು ಮರೆಯುವುದಿಲ್ಲ.

ದೋಷವನ್ನು ಬರೆದುಕೊಡುವುದು ಪ್ರತಿಯೊಬ್ಬ ವ್ಯಾಪಾರಿಗೂ ಕಡ್ಡಾಯವಾಗಬೇಕು. ಅದನ್ನು ಸರಕಾರದಿಂದ ಒತ್ತಾಯಿಸಿ ಪಡೆಯೋಣ. ಅಲ್ಲಿಯವರೆಗೆ ಒಂದನ್ನಾದರೂ ಮಾಡೋಣ: ಮುಂದಿನ ಸಲ ಮೋಸಹೋದವರು ಎದುರು ಬಂದು ಕುಳಿತಾಗ ‘ನೋಡಿ ಕೊಳ್ಳಬೇಕಿತ್ತು’ ಎನ್ನದೆ, ದೂರು ಬರೆಯಲು ಕಾಗದ ತೆಗೆದುಕೊಡೋಣ.