ಮರದ ರೆಕ್ಕೆ ಕಟ್ಟುವ ಪಾಠ ನಮ್ಮ ಐಟಿಐಗೂ ಬರಲಿ

ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುವುದು ನಮ್ಮ ಭಾಗದವರಿಗೆ ಹೊಸ ಸುದ್ದಿಯಲ್ಲ. ಅಲ್ಲಿನ ಏಕಸ್ ವಿಶೇಷ ಆರ್ಥಿಕ ವಲಯದಿಂದ ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಭಾಗಗಳು ಹೋಗುತ್ತವೆ. 2025ರ ಡಿಸೆಂಬರ್‌ನಲ್ಲಿ ಆ ಕಂಪನಿಯ ಷೇರು ಮಾರುಕಟ್ಟೆಗೆ ಬಂದಾಗ ಗೋಕಾಕ, ಮೂಡಲಗಿ ಕಡೆಯ ನಮ್ಮ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಅದೇ ಮಾತು. ‘ಷೇರ್ ತಗೊಂಡ್ಯೇನೋ?’ ಎಂದವರೇ ಹೆಚ್ಚು. ‘ಏನ್ ಕಲತ್ರ ಅಲ್ಲಿ ಕೆಲ್ಸಾ ಸಿಗತೈತಿ?’ ಎಂದವರು ಕಡಿಮೆ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಎರಡನೆಯ ಪ್ರಶ್ನೆಯೇ ದೊಡ್ಡದು.

ಸಿಎನ್‌ಸಿ ಕಲಿಯಿರಿ ಎನ್ನುವುದು ಸಿದ್ಧ ಉತ್ತರ. ತಪ್ಪಲ್ಲ. ಆದರೆ ಯಂತ್ರದ ಮುಂದೆ ನಿಂತವನ ಕೈಗೆ ಬರುವುದು ಒಂದು ತುಂಡು. ಅದು ರೆಕ್ಕೆಯಲ್ಲಿ ಎಲ್ಲಿ ಕೂರುತ್ತದೆ, ಯಾವ ಭಾರ ಹೊರುತ್ತದೆ ಎಂಬುದು ತಿಳಿಯದೆಯೂ ವರ್ಷಗಟ್ಟಲೆ ಕೆಲಸ ಮಾಡಬಹುದು. ಆಪರೇಟರ್ ಹುದ್ದೆಯಿಂದ ತಪಾಸಣೆಗೆ, ವಿನ್ಯಾಸಕ್ಕೆ ಏರಬೇಕಾದವನಿಗೆ ಇಡೀ ರೆಕ್ಕೆ ಗೊತ್ತಿರಬೇಕು.

ಅಮೆರಿಕದಲ್ಲಿ ಸಾಮಾನ್ಯ ಜನ ಇದನ್ನು ಮನೆಯ ಗ್ಯಾರೇಜಿನಲ್ಲೇ ಕಲಿಯುತ್ತಾರೆ. ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಕೆಗೋ ಹವ್ಯಾಸಕ್ಕೋ ಸ್ವತಃ ಮಾಡಿದವರಿಗೆ ಅಲ್ಲಿನ ಕಾನೂನು ದಾರಿ ಕೊಟ್ಟಿದೆ. ಅವರಲ್ಲಿ ಹಲವರು ಇಂದಿಗೂ ಮರದಲ್ಲೇ ರೆಕ್ಕೆ ಕಟ್ಟುತ್ತಾರೆ. ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆಗೆ ಸ್ಪಾರ್ ಎನ್ನುತ್ತಾರೆ, ಅದಕ್ಕೆ ಅಡ್ಡಲಾಗಿ ಕೂರುವ ಪಕ್ಕೆಲುಬಿಗೆ ರಿಬ್. ಹಲಗೆಯ ಮೇಲೆ ರಿಬ್ಬಿನ ಆಕಾರ ಬರೆದು, ಗೆರೆಯ ಗುಂಟ ಸಣ್ಣ ಕಟ್ಟಿಗೆ ತುಂಡುಗಳನ್ನು ಬಡಿದರೆ ಅಚ್ಚು ಸಿದ್ಧ. ಬೆರಳಿಗಿಂತ ಸಣ್ಣ ಸ್ಪ್ರೂಸ್ ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ ಅದರೊಳಗೆ ಬಾಗಿಸುತ್ತಾರೆ. ಸಂದುಗಳಿಗೆ ತೆಳು ಪ್ಲೈವುಡ್ ತುಂಡು ಅಂಟಿಸುತ್ತಾರೆ. ಒಂದೇ ಅಚ್ಚಿನಲ್ಲಿ ಇಪ್ಪತ್ತು, ಮೂವತ್ತು ರಿಬ್ ತೆಗೆದರೂ ಒಂದಕ್ಕೊಂದು ವ್ಯತ್ಯಾಸ ಬರಬಾರದು.

ಕಟ್ಟಿಗೆ ಆರಿಸುವುದೇ ಒಂದು ವಿದ್ಯೆ. ಎಳೆ ನೇರ ಇರಬೇಕು. 15 ಇಂಚು ಉದ್ದಕ್ಕೆ 1 ಇಂಚಿಗಿಂತ ಹೆಚ್ಚು ಓರೆಯಾದರೆ ಆ ಪಟ್ಟಿ ಬೇಡ. ಪ್ರತಿ ಸಲ ಅಂಟು ಕಲಸಿದಾಗ ಎರಡು ಚೂರು ಅಂಟಿಸಿಟ್ಟು, ಒಣಗಿದ ಮೇಲೆ ಮುರಿದು ನೋಡುತ್ತಾರೆ. ಕಟ್ಟಿಗೆ ಹರಿದರೆ ಪಾಸು, ಅಂಟು ಬಿಟ್ಟರೆ ಫೇಲು. ಎಲ್ಲವನ್ನೂ ದಿನಾಂಕ ಹಾಕಿ ಪುಸ್ತಕದಲ್ಲಿ ಬರೆಯುತ್ತಾರೆ. ವಿಮಾನ ಕಾರ್ಖಾನೆಗಳು ಬಯಸುವ ಶಿಸ್ತು ಇದೇ ತಾನೆ?

ಎಳೆ ನೋಡುವ ಕಣ್ಣು ನಮ್ಮಲ್ಲಿ ಹೊಸದೇನಲ್ಲ. ಗೋಕಾಕದ ಬಣ್ಣದ ಗೊಂಬೆ ಮಾಡುವವರು, ಹಳ್ಳಿಗಳಲ್ಲಿ ಕೂರಿಗೆ, ಚಕ್ಕಡಿ ಮಾಡುತ್ತಿದ್ದ ಬಡಿಗೇರರು ಅದನ್ನು ಬಲ್ಲರು. ಟ್ರ್ಯಾಕ್ಟರ್ ಬಂದ ಮೇಲೆ ಬಡಿಗೇರರ ಮಕ್ಕಳು ಬೇರೆ ಕೆಲಸಕ್ಕೆ ಹೋದರು. ಈಗ ಉಳಿದವರನ್ನಾದರೂ ವಾರಕ್ಕೊಮ್ಮೆ ಐಟಿಐಗೆ ಕರೆದು ಸಂಭಾವನೆ ಕೊಟ್ಟು ಪಾಠ ಹೇಳಿಸಬಾರದೇಕೆ?

ಭಾರತದಲ್ಲಿ ಮನೆಯಲ್ಲಿ ವಿಮಾನ ಕಟ್ಟಿದವರ ದಾರಿ ಸುಲಭದ್ದಲ್ಲ, ನಿಜ. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ಆರು ಸೀಟಿನ ವಿಮಾನ 2016ರ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನಕ್ಕೆ ಬಂತು. ನೋಂದಣಿ ಸಿಗಲು ವರ್ಷಗಟ್ಟಲೆ ಓಡಾಡಿದ ಅವರಿಗೆ ಅದು ದೊರೆತದ್ದು 2017ರಲ್ಲಿ. ಹಾಗಾಗಿ ನಾನು ಹಾರಿಸುವ ಮಾತು ಆಡುತ್ತಿಲ್ಲ. ಹಾರದ ರೆಕ್ಕೆಗೆ ದುಬಾರಿ ಸ್ಪ್ರೂಸ್ ಕೂಡ ಬೇಡ, ಅಡ್ಡೆಯಲ್ಲಿ ಸಿಗುವ ನೇರ ಎಳೆಯ ಪೈನ್ ಸಾಕು.

ಗಡಿಯಾಚೆ ಗಡಹಿಂಗ್ಲಜ ತಾಲ್ಲೂಕಿನಲ್ಲಿ ಹುಟ್ಟಿದ ವಿ.ಎಂ. ಘಾಟಗೆ ಬೆಂಗಳೂರಿನ ಎಚ್‌ಎಎಲ್ ಸೇರಿ, 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸ ತಂಡ ಮುನ್ನಡೆಸಿದರು. ಅವರ ಊರು ಹುಕ್ಕೇರಿಗೆ ಎಷ್ಟು ದೂರ? ಸಂಕೇಶ್ವರ ದಾಟಿದರೆ ಆಯಿತು.

ನಮ್ಮ ಮೂರೂ ತಾಲ್ಲೂಕಿನ ಐಟಿಐಗಳು ತಲಾ ಎರಡು ಮೀಟರ್ ರೆಕ್ಕೆ ಕಟ್ಟಲಿ. ಬೆಳಗಾವಿಯ ವಿಟಿಯು ನಕ್ಷೆ ಕೊಡಲಿ. ಆಮೇಲೆ ತಲೆಕೆಳಗಾಗಿ ಇಟ್ಟು, ಒಂದೊಂದೇ ಮರಳಿನ ಚೀಲ ಹೇರುತ್ತ ಮುರಿಯುವವರೆಗೂ ಭಾರ ಹಾಕೋಣ. ಎಷ್ಟು ಕಿಲೋಗೆ, ಯಾವ ಸಂದಿನಲ್ಲಿ ಮುರಿಯಿತೆಂದು ಬರೆದಿಟ್ಟ ಪುಸ್ತಕವನ್ನು ಸಂದರ್ಶನಕ್ಕೆ ಕೈಯಲ್ಲಿ ಹಿಡಿದೇ ಹೋಗುತ್ತೇವೆ.